ಊರೇ ಹೀರೋ ಆಗಿರುವ ಸಿನಿಮಾ ಇನ್ಯಾವುದಿದೆ?

ಗಾಂಧಿಕ್ಲಾಸ್:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಂದೊಂದು ಜೆರಾಕ್ಸ್ ಅಂಗಡಿ ಇದೆ. ರಾತ್ರಿ ಎಂಟಕ್ಕೆ ಶಟರ್ ಎಳೆದರೆ ಆಮೇಲೆ ಸಿನಿಮಾ. ಮದುವೆ ಆಗಿಲ್ಲ, ಅದನ್ನು ಮಾತ್ರ ಕೇಳಬೇಡಿ.

2025ರ ಜುಲೈನಲ್ಲಿ ‘ಸು ಫ್ರಮ್ ಸೋ’ ಬಂದಾಗ ಮೂರು ಸಲ ಥಿಯೇಟರಿನಲ್ಲಿ ನೋಡಿದೆ. ಮೊದಲ ಸಲ ಜನ ನಕ್ಕ ಸದ್ದಿಗೆ ಅರ್ಧ ಡೈಲಾಗ್ ಕೇಳಿಸಲೇ ಇಲ್ಲ. ಎರಡನೇ ಸಲ ಡೈಲಾಗ್ ಕೇಳೋಕೆ ಹೋದೆ. ಮೂರನೇ ಸಲ ಹೋಗಿದ್ದು ತೆರೆಯ ಮೇಲೆ ಹಿಂದೆ ನಿಂತವರನ್ನು ನೋಡೋಕೆ. (ಆ ಸಲ ಸಿಕ್ಕಿದ್ದು ಮುರಿದ ಸೀಟು. ಒರಗಿದರೆ ಹಿಂದಿನವರ ತೊಡೆ ಮೇಲೆ ತಲೆ. ಕ್ಲಾಸಿನ ಮೊದಲ ಬೆಂಚಿನವನ ಹಾಗೆ ಸೆಟೆದು ಕೂತೇ ಇಡೀ ಸಿನಿಮಾ ನೋಡಿದೆ.)

ಇದು ನನ್ನ ಹಳೇ ಚಾಳಿ. ಇಷ್ಟವಾದ ಸಿನಿಮಾ ಮತ್ತೆ ನೋಡುವಾಗ ಮಾತಾಡುವವರನ್ನು ಬಿಟ್ಟು, ಸುಮ್ನೆ ನಿಂತವರ ಮುಖ ನೋಡುತ್ತೇನೆ. ರಾಜ್ ಬಿ. ಶೆಟ್ಟಿ ಗುರೂಜಿಯಾಗಿ ಬಂದಾಗ ಎಲ್ಲರ ಕಣ್ಣೂ ಅವರ ಮೇಲೇ. ಒಮ್ಮೆ ಪಕ್ಕಕ್ಕೆ ನೋಡಿ. ನಂಬುವವರು, ನಂಬಿದ ಹಾಗೆ ಮಾಡುವವರು, ತಮಾಷೆ ನೋಡಲು ಬಂದವರು, ಎಲ್ಲರೂ ಅಲ್ಲಿದ್ದಾರೆ. ಅಶೋಕ ಸಿಕ್ಕಿಬಿದ್ದಾಗ ತಪ್ಪಿಸಿಕೊಳ್ಳೋಕೆ ಮೈಮೇಲೆ ಬಂದ ಹಾಗೆ ಆಡುತ್ತಾನೆ, ಅಷ್ಟೇ. ಅದನ್ನು ಸೋಮೇಶ್ವರದ ಸುಲೋಚನ ಅನ್ನೋ ದೆವ್ವ ಮಾಡಿದ್ದು ಊರು. ಇನ್ನು ರವಿ ಅಣ್ಣ! ಅಂಥ ಒಬ್ಬ ಅಣ್ಣ ನಮ್ಮ ಓಣಿಯಲ್ಲೂ ಇದ್ದಾನೆ. ಸಾವಿರಲಿ, ಮದುವೆ ಇರಲಿ, ಪೆಂಡಾಲಿನವನಿಗೆ ಮೊದಲ ಫೋನ್ ಅವನದೇ.

ಹೋದ ವಾರ ಅವ್ವನ ಜೊತೆ ‘ಭೂತಯ್ಯನ ಮಗ ಅಯ್ಯು’ ಮತ್ತೆ ನೋಡಿದೆ. 1974ರದು, ಸಿದ್ದಲಿಂಗಯ್ಯನವರ ನಿರ್ದೇಶನ, ಗೊರೂರರ ಕಥೆ. ಅವ್ವ ಇದನ್ನು ಚಿಕ್ಕವಳಿದ್ದಾಗ ಟೆಂಟಿನಲ್ಲಿ ನೋಡಿದ್ದಳಂತೆ. ಲೋಕನಾಥ್ ಉಪ್ಪಿನಕಾಯಿ ನೆಕ್ಕುವ ದೃಶ್ಯ ಬಂತು. ಅವ್ವ ಏನೂ ಮಾತಾಡದೆ ಎದ್ದು ಹೋದಳು. ಜಾಡಿ ತಂದಳು, ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು, ಒಂದು ಹೋಳು ತನ್ನ ಅಂಗೈಗೆ, ಒಂದು ನನ್ನ ಅಂಗೈಗೆ. ಊಟ ಆಗಿ ಒಂದು ಗಂಟೆ ಆಗಿತ್ತು, ಬಿಪಿ ಮಾತ್ರೆಯೂ ಆಗಿತ್ತು. ಇಬ್ಬರೂ ಟೀವಿ ಮುಂದೆ ಕೂತು ನೆಕ್ಕಿದೆವು. ಐವತ್ತು ವರ್ಷ ದಾಟಿದ ದೃಶ್ಯ ಇವತ್ತೂ ಬಾಯಲ್ಲಿ ನೀರು ತರಿಸುತ್ತದೆ ಅಂದರೆ ಏನು ಹೇಳೋದು!

ವಿಷ್ಣುವರ್ಧನ್, ಲೋಕೇಶ್ ಇಬ್ಬರೂ ಅಲ್ಲಿ ಜೋರು. ಆದರೂ ನನಗೆ ಅದು ಗುಳ್ಳನ ಕಥೆಯೂ ಅಲ್ಲ, ಅಯ್ಯುವಿನ ಕಥೆಯೂ ಅಲ್ಲ. ಸಾಲ ತಗೊಂಡ, ಹೆದರಿದ, ಕೊನೆಗೆ ತಿರುಗಿಬಿದ್ದ ಒಂದು ಊರಿನ ಕಥೆ.

ಇಂಥವು ಬೇಕು. ಊರೇ ಹೀರೋ ಆಗಿರಬೇಕು. ಹಳೆಯದು, ಹೊಸದು ಯಾವುದಾದರೂ ಸರಿ. ಡ್ರೋನಿನಲ್ಲಿ ಗದ್ದೆ ತೋರಿಸಿ ಊರು ಅನ್ನೋದು ಬೇಡ.

ಮಂಡ್ಯದ್ ಹೈದ:

ಗುರು, ‘ತಿಥಿ’ ಹೆಸರೇ ಎತ್ತಿಲ್ವಲ್ಲ! ನಮ್ಮ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ತೆಗೆದಿದ್ದು. ಕಥೆ ಬರೆದ ಈರೇಗೌಡರು ಅದೇ ಊರಿನವರು, ನಟಿಸಿದವರೂ ಆ ಕಡೆಯ ಜನಾನೇ. ಒಬ್ಬರೂ ವೃತ್ತಿ ನಟರಲ್ಲ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು ಅಂತ ಪೇಪರಲ್ಲಿ ಓದಿ ನಮ್ಮಪ್ಪ ‘ನಮ್ಮ ಬೈಗುಳ ಅವರಿಗೆ ಹೆಂಗೆ ಅರ್ಥ ಆಯ್ತು’ ಅಂತ ಕೇಳಿದ್ದರು.

ನಿಮ್ಮ ಚಾಳಿಗೆ ಹೇಳಿ ಮಾಡಿಸಿದ ಸಿನಿಮಾ ಅದು. ನೂರಾ ಒಂದು ವರ್ಷದ ಸೆಂಚುರಿ ಗೌಡ ಸತ್ತು ಹನ್ನೊಂದನೇ ದಿನದ ತಿಥಿ ಮುಗಿಯುವಷ್ಟರಲ್ಲಿ ಮಗ, ಮೊಮ್ಮಗ, ಮರಿಮಗ ಮೂವರೂ ಒಂದೊಂದು ದಾರಿ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಚಿಂತೆ, ಮರಿಮಗ ಅಭಿಗೆ ಕುರಿ ಕಾಯುವ ಹುಡುಗಿಯ ಚಿಂತೆ, ಮಗ ಗಡ್ಡಪ್ಪನಿಗೆ ಯಾವ ಚಿಂತೆಯೂ ಇಲ್ಲ. ಬ್ರಾಂದಿ ಬಾಟ್ಲಿ ಹಿಡ್ಕೊಂಡು ನಡೀತಾನೇ ಇರ್ತಾನೆ. ಬದುಕಿರೋ ಅಪ್ಪನನ್ನ ಆಸ್ತಿಗೋಸ್ಕರ ಕಾಗದದಲ್ಲಿ ಸಾಯಿಸೋದು ನಮ್ಮ ಕಡೆ ಕಥೆಯಲ್ಲ ಬಿಡಿ, ತಾಲ್ಲೂಕು ಆಫೀಸ್ ಮುಂದೆ ಟೀ ಕುಡಿಯುತ್ತಾ ಕೇಳಿಸಿಕೊಳ್ಳುವ ಮಾತು.

ಕಡಲಕರೆ:

‘ಸು ಫ್ರಮ್ ಸೋ’ ನನಗೂ ಇಷ್ಟ ಮಾರಾಯ್ರೆ, ಉಡುಪಿಯಲ್ಲಿ ಅಮ್ಮ, ಅತ್ತೆ ಎಲ್ಲರೂ ಒಟ್ಟಿಗೆ ಹೋಗಿದ್ದೆವು. ಆದರೆ ಒಂದು ತಕರಾರು ಉಂಟು. ನೀವು ‘ಸಿಕ್ಕಿಬಿದ್ದಾಗ’ ಅಂತ ಹಗುರಕ್ಕೆ ಬರೆದಿದ್ದೀರಿ. ಅವನು ಸಿಕ್ಕಿಬಿದ್ದದ್ದು ಹುಡುಗಿಯ ಬಚ್ಚಲಿಗೆ ಇಣುಕಲು ಹೋಗಿ. ನಮ್ಮ ಸಾಲಿನಲ್ಲಿ ಅಲ್ಲಿಗೆ ನಗು ಸ್ವಲ್ಪ ಕಡಿಮೆಯೇ ಇತ್ತು. ಕೊನೆಗೆ ಸುಲೋಚನಳ ಮಗಳು ಭಾನುವಿನ ಕಥೆ ಬಂದು ಊರು ಅವಳ ಹಿಂದೆ ನಿಂತಿತಲ್ಲ, ಆಗಷ್ಟೇ ನಾನು ಸಿನಿಮಾವನ್ನು ಪೂರ್ತಿ ಕ್ಷಮಿಸಿದ್ದು.

‘ಉಳಿದವರು ಕಂಡಂತೆ’ ನೋಡಿ. 2014ರಲ್ಲಿ ಬಂದಾಗ ಥಿಯೇಟರ್ ಖಾಲಿ, ಈಗ ಎಲ್ಲರೂ ನಾನೂ ಆಗಲೇ ನೋಡಿದ್ದೆ ಅನ್ನುತ್ತಾರೆ. ರಕ್ಷಿತ್ ಶೆಟ್ಟಿ ಮಾಡಿದ ರಿಚ್ಚಿಯ ನಡಿಗೆಯನ್ನು ಹುಡುಗರು ನೋಡಿಕೊಳ್ಳಲಿ. ನೀವು ತಾರಾ ಅವರ ರತ್ನಕ್ಕನನ್ನು ನೋಡಿ. ಮಲ್ಪೆಯ ಮೀನಿನ ವಾಸನೆ ಬರದಿದ್ದರೆ ಹೇಳಿ.

ಎರಡನೇ ಆಟ:

ಊರು ಹೀರೋ ಆದರೆ ವಿಲನ್ ಕೂಡ ಆಗಬಹುದು ಅಲ್ವಾ? ‘ಘಟಶ್ರಾದ್ಧ’ ನೋಡಿ. ಅನಂತಮೂರ್ತಿಯವರ ಕಥೆ, 1977ರಲ್ಲಿ ಗಿರೀಶ್ ಕಾಸರವಳ್ಳಿ ಮಾಡಿದ ಮೊದಲ ಸಿನಿಮಾ. ರಿಪೇರಿ ಮಾಡಿದ ಹೊಸ ಪ್ರಿಂಟ್ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಓಡಿತು. ಅಗ್ರಹಾರ, ವೇದಪಾಠಶಾಲೆ, ವಿಧವೆ ಯಮುನಾ, ಅವಳನ್ನು ಹಚ್ಚಿಕೊಂಡ ಪುಟ್ಟ ಹುಡುಗ ನಾಣಿ. ಬದುಕಿರುವವಳ ಶ್ರಾದ್ಧ ಮಾಡುತ್ತಾರೆ. ಉಪ್ಪಿನಕಾಯಿ ಇಟ್ಟುಕೊಂಡು ನೋಡುವಂಥದ್ದಲ್ಲ ಅಂತ ಮೊದಲೇ ಹೇಳಿರುತ್ತೇನೆ.

ಕಾಫಿಪುಡಿ:

‘ಶಾಖಾಹಾರಿ’ಯನ್ನೂ ಸೇರಿಸಿ, 2024ರದು. ಮಲೆನಾಡಿನ ಹೋಟೆಲ್ಲಿನ ಅಡುಗೆಯವನಾಗಿ ರಂಗಾಯಣ ರಘು. ಇಷ್ಟು ಮೆತ್ತಗೆ ಮಾತಾಡುವ ರಘುವನ್ನು ನಾನು ಬೇರೆಲ್ಲೂ ನೋಡಿಲ್ಲ. ಜಾಸ್ತಿ ಹೇಳಿದರೆ ಕಥೆ ಬಿಟ್ಟುಕೊಟ್ಟ ಹಾಗಾಗುತ್ತದೆ.

ಗಾಂಧಿಕ್ಲಾಸ್:

ಎಲ್ಲರಿಗೂ ಥ್ಯಾಂಕ್ಸ್. ಕಡಲಕರೆ ಅವರೇ, ನೀವು ಹೇಳಿದ್ದು ಸರಿ. ಮೂರು ಸಲ ನೋಡಿದರೂ ಬಚ್ಚಲಿನ ದೃಶ್ಯದ ಆ ಹುಡುಗಿಯ ಮುಖ ನನಗೆ ನೆನಪಿಲ್ಲ. ಹಿಂದೆ ನಿಂತವರನ್ನೆಲ್ಲ ನೋಡುತ್ತೇನೆ ಅಂತ ಜಂಬ ಕೊಚ್ಚಿಕೊಂಡಿದ್ದೆ. ನಾಲ್ಕನೇ ಸಲ ನೋಡಬೇಕು.

ನಿನ್ನೆ ರಾತ್ರಿ ‘ಘಟಶ್ರಾದ್ಧ’ ನೋಡಿದೆವು. ನನಗೆ ಸಿಕ್ಕ ಪ್ರಿಂಟ್ ಮಸುಕು, ಸೌಂಡೂ ಅಷ್ಟಕ್ಕಷ್ಟೆ. ಆದರೂ ಅವ್ವ ಒಂದು ಸಲವೂ ಏಳಲಿಲ್ಲ. ತಲೆ ಬೋಳಿಸಿದ ಯಮುನಾ ಒಬ್ಬಳೇ ಕೂತ ದೃಶ್ಯಕ್ಕೆ ಸೆರಗು ಬಾಯಿಗೆ ಹಿಡಿದಳು. ಮುಗಿದ ಮೇಲೆ ಲೈಟ್ ಹಾಕಲು ಹೋದರೆ ಬೇಡ ಅಂದಳು. ಆಮೇಲೆ ಕತ್ತಲಲ್ಲೇ ಕೇಳಿದಳು, ‘ಆ ಹುಡುಗ ದೊಡ್ಡೋನಾದ ಮೇಲೆ ಊರಿಗೆ ವಾಪಸ್ ಬಂದಿರ್ತಾನೇನೋ?’ ನನಗೇನು ಗೊತ್ತು, ಹಾಸಿಗೆ ಹಾಸಿದೆ.

ಭಾನುವಾರ ‘ತಿಥಿ’. 2016ರಲ್ಲಿ ಒಮ್ಮೆ ನೋಡಿದ್ದೆ, ಆಗ ಬರೀ ಬೈಗುಳಕ್ಕೆ ನಕ್ಕು ಬಂದಿದ್ದೆ. ಬಾಡೂಟ ಇರೋ ಸಿನಿಮಾ ಅಂತ ಅವ್ವನ ಮುಂದೆ ಬಾಯಿ ಬಿಟ್ಟಿದ್ದೇ ತಪ್ಪಾಯಿತು. ಒಂದು ಕೆಜಿ ಮಟನ್ ತಾ ಅಂದಿದ್ದಾಳೆ.