‘ಬ್ರೋಕನ್ ಹೋಮ್’: ‘ಒಡೆದ ಮನೆ’ ಅನ್ನಬಹುದೇ?

ಗೆಳೆಯರೇ,

ಅಪರಾಧದ ಆರೋಪ ಹೊತ್ತ ಮಕ್ಕಳ ಪ್ರಕರಣ ನೋಡುವ ಬಾಲನ್ಯಾಯ ಮಂಡಳಿಗೆ ಪರಿವೀಕ್ಷಣಾಧಿಕಾರಿಗಳು (ಪ್ರೊಬೇಷನ್ ಆಫೀಸರ್) ಮಗುವಿನ ಮನೆ, ಹಿನ್ನೆಲೆ ವಿಚಾರಿಸಿ ಕೊಡುವ ಸಾಮಾಜಿಕ ತನಿಖಾ ವರದಿಯ ಬಗ್ಗೆ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಬ್ರೋಕನ್ ಹೋಮ್’ (ತಂದೆಯೋ ತಾಯಿಯೋ ಜೊತೆಗಿಲ್ಲದ ಮನೆ) ಬಂದಲ್ಲಿ ಮೂರು ದಿನದಿಂದ ಪೆನ್ನು ನಿಂತಿದೆ.

‘ಭಗ್ನ ಕುಟುಂಬ’, ‘ವಿಘಟಿತ ಕುಟುಂಬ’ ಎಂದರೆ ಕಣ್ಣೆದುರು ಮನೆಯೇ ಬರುವುದಿಲ್ಲ. ‘ಒಡೆದ ಮನೆ’ ಅಂದರೆ ಬರುತ್ತದೆ, ಆದರೆ ಬೇರೆ ಮನೆ. ನಮ್ಮ ಕಡೆ ‘ಅವರ ಮನೆ ಒಡೀತು’ ಅಂದರೆ ಅಣ್ಣತಮ್ಮಂದಿರು ಪಾಲಾದರು, ಒಲೆ ಬೇರೆಯಾಯಿತು ಎಂದೇ ಅರ್ಥ. ಗಂಡ ಹೆಂಡತಿ ಬಿಟ್ಟರೆ ‘ಸಂಸಾರ ಮುರೀತು’. ಸರಿ, ‘ಮುರಿದ ಸಂಸಾರ’ ಅನ್ನೋಣವೆಂದರೆ ಅಪ್ಪ ತೀರಿಕೊಂಡ ಮನೆ ಅದರೊಳಗೆ ಬರದು. ಇಂಗ್ಲಿಷಿನ ಪದವೋ ಸಾವು, ವಿಚ್ಛೇದನ, ಬಿಟ್ಟುಹೋದದ್ದು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತದೆ.

ಆ ಚೀಲದ ಮೇಲೇ ನನಗೆ ಅನುಮಾನ. ದಕ್ಷಿಣ ಲಂಡನ್ನಿನ 411 ಹುಡುಗರನ್ನು 1961ರಿಂದ ದಶಕಗಟ್ಟಲೆ ಗಮನಿಸಿದ ಕೇಂಬ್ರಿಜ್ ಅಧ್ಯಯನವಿದೆಯಲ್ಲ, ಅದರಲ್ಲಿ ಅಪ್ಪ ಅಮ್ಮ ಒಟ್ಟಿಗಿದ್ದೂ ಸದಾ ಕಚ್ಚಾಡುತ್ತಿದ್ದ ಮನೆಯ ಹುಡುಗರು, ಅಪ್ಪ ಅಮ್ಮ ಬೇರೆಯಾದವರ ಮಕ್ಕಳಷ್ಟೇ ಅಪರಾಧಕ್ಕೆ ಬಿದ್ದಿದ್ದರು. ಬೇರೆಯಾದ ಮೇಲೆ ತಾಯಿಯ ಬಳಿ ಉಳಿದವರು ಜಗಳವಿಲ್ಲದ ಮನೆಯವರಿಗಿಂತ ಹೆಚ್ಚೇನೂ ಕೆಟ್ಟಿರಲಿಲ್ಲ. ಹಾಗಾದರೆ ಬೇಕಿರುವ ಪದ ‘ಜಗಳದ ಮನೆ’ ಅಲ್ಲವೇ?

ಕನ್ನಡವೂ ಇಲ್ಲಿ ಸಾಚಾ ಅಲ್ಲ. ‘ಮುಂಡೇಮಗ’ ನೋಡಿ: ಮುಂಡೆ ಎಂದರೆ ತಲೆ ಬೋಳಿಸಿಕೊಂಡ ವಿಧವೆ. ಅವಳ ಮಗ ಪೋಕರಿ ಎಂದು ಭಾಷೆ ಯಾವತ್ತೋ ತೀರ್ಪು ಬರೆದಿಟ್ಟಿದೆ. (ನಮ್ಮಜ್ಜಿ ಮುದ್ದಿಗೂ ‘ಮುಂಡೇದೇ’ ಅನ್ನುತ್ತಿದ್ದಳು, ಅದು ಬೇರೆ ಚರ್ಚೆ.)

ಕಾನೂನಾದರೂ ಮಾತು ತಿದ್ದಿಕೊಂಡಿದೆ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ‘ಬಾಲಾಪರಾಧಿ’ ಇಲ್ಲ, ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’. ಮಗುವಿನ ವಿಚಾರದಲ್ಲಿ ಆರೋಪದ ದನಿಯ ಪದ ಕೂಡದು ಎಂದು ಅದರ 3ನೇ ಕಲಮೇ ಹೇಳುತ್ತದೆ. ಪತ್ರಿಕೆಗಳು ಮಾತ್ರ ‘ಬಾಲಾಪರಾಧಿ’ ಬಿಟ್ಟಿಲ್ಲ. ಅಷ್ಟುದ್ದದ್ದನ್ನು ತಲೆಬರಹದಲ್ಲಿ ಕೂರಿಸುವುದೂ ಕಷ್ಟವೇ. ಆದರೆ ಮಗುವಿನ ಹಣೆಪಟ್ಟಿ ಕಿತ್ತು ಅದರ ಮನೆಬಾಗಿಲಿಗೆ ಅಂಟಿಸಿದರೆ ಏನು ಬಂತು?

ಸದ್ಯಕ್ಕೆ ‘ತಂದೆ ಇಲ್ಲದ ಮನೆ’, ‘ತಂದೆ ತಾಯಿ ಬೇರೆಯಾದ ಮನೆ’, ‘ಜಗಳದ ಮನೆ’ ಎಂದು ಬಿಡಿಬಿಡಿಯಾಗಿ ಬರೆದಿದ್ದೇನೆ. ಸಂಪಾದಕರಿಗೆ ಒಂದೇ ಪದ ಬೇಕಂತೆ. ಧಾರವಾಡ, ಕಲಬುರಗಿ ಕಡೆಯವರು ಹೇಳಿ: ನಿಮ್ಮಲ್ಲಿ ‘ಮನಿ ಒಡದೈತಿ’ ಅಂದರೂ ಪಾಲಾದದ್ದೇನಾ, ಇಲ್ಲ ಗಂಡ ಹೆಂಡತಿ ಬಿಟ್ಟದ್ದಕ್ಕೂ ಅನ್ನುತ್ತೀರಾ?