ತುಂಗೆ ಉಕ್ಕಿದ್ದಕ್ಕೆ ಹವಾಮಾನ ಬದಲಾವಣೆ ಕಾರಣವಾ?

ಹೊಳೆದಂಡೆ: 2019ರ ಆಗಸ್ಟ್‌ನಲ್ಲಿ ಶಿವಮೊಗ್ಗದ ನಮ್ಮ ಮನೆಯೊಳಗೆ ಸೊಂಟದ ಮಟ್ಟ ನೀರು ಬಂದಿತ್ತು. ಅಕ್ಕಿ ಮೂಟೆ ಉಬ್ಬಿ ಹೊಲಿಗೆ ಬಿಟ್ಟುಕೊಂಡಿತ್ತು. ಎರಡು ಸಲ ಸುಣ್ಣ ಹೊಡೆಸಿದರೂ ಗೋಡೆ ಮೇಲಿನ ಕೆಸರಿನ ಗೆರೆ ಹೋಗಿಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಜಾಸ್ತಿ ನೀರಾವಿ ಹಿಡಿಯುತ್ತದೆ. ಅದೇ ಒಮ್ಮೆಲೇ ಸುರಿಯುತ್ತಿದೆ. ಇದು ಹವಾಮಾನ ಬದಲಾವಣೆಯೇ.

ಕೋಟೆ ಬೀದಿ: ತುಂಗೆ ಉಕ್ಕುವುದು ಹೊಸದಾ ಅಕ್ಕ? ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ನಾನು ಚಿಕ್ಕವನಿದ್ದಾಗಿಂದ ಪ್ರತಿ ವರ್ಷ ಮುಳುಗುತ್ತದೆ.

ಹಳೇ ಶಿವಮೊಗ್ಗ: ಪ್ರತಿ ವರ್ಷ ಅಂತ ಸುಳ್ಳು ಯಾಕೆ? ಕಂಬ ಮುಳುಗುವುದು ಬೇರೆ, ಮಂಟಪದ ನೆತ್ತಿ ಮುಳುಗುವುದು ಬೇರೆ.

ಕೋಟೆ ಬೀದಿ: ಸುಳ್ಳು ಅನ್ನಬೇಡಿ. ನಮ್ಮಪ್ಪ ನನ್ನ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ನೆತ್ತಿಯೇ ಕಾಣುತ್ತಿರಲಿಲ್ಲ.

ತೀರ್ಥಹಳ್ಳಿ ತೋಟ: ಮಂಟಪ ಬಿಡಿ ಮಾರಾಯ್ರೆ. ಗಾಜನೂರಿನ ತುಂಗಾ ಡ್ಯಾಮ್‌ನಲ್ಲಿ ಗೇಟ್ ಒಮ್ಮೆಲೇ ಎತ್ತಿದ್ದೇ ಊರು ಮುಳುಗಲು ಕಾರಣ.

ಲೆಕ್ಕದವ: ಗಾಜನೂರು ಹಿಡಿಯುವುದೇ 3.24 ಟಿಎಂಸಿ. 70,000 ಕ್ಯುಸೆಕ್ ಒಳಹರಿವು ಇದ್ದರೆ ಖಾಲಿ ಡ್ಯಾಮ್ ಕೂಡ 13 ಗಂಟೆಯೊಳಗೆ ತುಂಬುತ್ತದೆ. ಗೇಟ್ ಎತ್ತದೆ ಏನು ಮಾಡಬೇಕಿತ್ತು? 1950ರಿಂದ 2015ರವರೆಗೆ ಮಧ್ಯ ಭಾರತದಲ್ಲಿ ವ್ಯಾಪಕವಾದ ಅತಿ ಭಾರಿ ಮಳೆ ಮೂರು ಪಟ್ಟಾಗಿದೆ ಅಂತ ಅಧ್ಯಯನ ಇದೆ.

ಕೋಟೆ ಬೀದಿ: ಮಧ್ಯ ಭಾರತದ್ದು ಅಂತ ನೀವೇ ಬರೆದಿದ್ದೀರಿ. ಮಲೆನಾಡಿನದ್ದು ಕೊಡಿ.

ಲೆಕ್ಕದವ: ಪಶ್ಚಿಮ ಘಟ್ಟದ್ದೇ ತಗೊಳ್ಳಿ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿಯಿತಲ್ಲ, ಆ ಮಳೆ ತಾಪಮಾನ ಏರಿಕೆಯಿಂದ ಸುಮಾರು ಶೇ 10ರಷ್ಟು ಹೆಚ್ಚಾಗಿತ್ತು ಅಂತ ವರ್ಲ್ಡ್ ವೆದರ್ ಅಟ್ರಿಬ್ಯೂಷನ್ ತಂಡದ ವಿಜ್ಞಾನಿಗಳು ಹೇಳಿದ್ದಾರೆ.

ತೀರ್ಥಹಳ್ಳಿ ತೋಟ: ಬರೀ ಹತ್ತು! ಉಳಿದದ್ದು ಯಾವತ್ತಿನ ಮಳೆಯೇ ಅಂತಾಯಿತಲ್ಲ.

ಹೊಳೆದಂಡೆ: ಆ ಹತ್ತರಲ್ಲೇ ನೀರು ಹೊಸ್ತಿಲು ದಾಟುತ್ತದೆ ಅಣ್ಣ. ನಿಮ್ಮ ಅಡಿಕೆ ತೋಟದಲ್ಲಿ ಕೊಳೆರೋಗ ಜಾಸ್ತಿ ಆಗಿಲ್ವಾ?

ತೀರ್ಥಹಳ್ಳಿ ತೋಟ: ಕೊಳೆ ನಮ್ಮಜ್ಜನ ಕಾಲದಿಂದ ಇದೆ. ಕೊನೆಗಾರ ಮರ ಹತ್ತಿ ಬೋರ್ಡೋ ಔಷಧಿ ಹೊಡೆಯಲು ಎರಡು ದಿನ ಬಿಸಿಲು ಸಿಗುತ್ತಿತ್ತು, ಈಗ ಅದೂ ಸಿಗುತ್ತಿಲ್ಲ. ಹಾಗಂತ ಗೇಟ್ ವಿಷಯ ನಾನು ಬಿಡುವುದಿಲ್ಲ.

ಹಳೇ ಶಿವಮೊಗ್ಗ: ಕೋಟೆ ಬೀದಿಯವರೇ, ನೆತ್ತಿ ಮುಳುಗಿದ ಒಂದು ವರ್ಷ ಹೇಳಿ. 2019 ಬಿಟ್ಟು.

ಕೋಟೆ ಬೀದಿ: ಇಸವಿ ಬರೆದಿಟ್ಟುಕೊಳ್ಳಲು ನಾನೇನು ಶಾನುಭೋಗನಾ? ಕಣ್ಣಾರೆ ಕಂಡಿದ್ದೇನೆ ಅಂದೆ.

ಲೆಕ್ಕದವ: ಕಣ್ಣಾರೆ ಕಂಡದ್ದು ಒಂದು ಊರಿನದು. ಮಳೆಯ ದಾಖಲೆ ನೋಡಿ.

ಕೋಟೆ ಬೀದಿ: ನೀವು ಈ ಊರಿನವರೇನಾ ಮೊದಲು ಹೇಳಿ. ರಾಜಕಾಲುವೆ ಒತ್ತಿ ಮನೆ ಕಟ್ಟಿದ್ದನ್ನು ಯಾವ ದಾಖಲೆ ಬರೆದಿದೆ?

ಹೊಳೆದಂಡೆ: ನಾವು ಒತ್ತುವರಿ ಮಾಡಿದವರಲ್ಲ. ನಲವತ್ತು ವರ್ಷದ ಮನೆ. ಮಾತು ನೋಡಿ ಆಡಿ.

ಕೋಟೆ ಬೀದಿ: ನಿಮಗೆ ಅಂದಿದ್ದಲ್ಲ ಅಕ್ಕ.

ಹಳೇ ಶಿವಮೊಗ್ಗ: ಮಂಟಪದ ಮಾತಿಗೆ ಉತ್ತರ ಬರಲಿಲ್ಲ. ನಾಳೆ ಬೆಳಿಗ್ಗೆ ಏಳಕ್ಕೆ ಛತ್ರದ ಹತ್ತಿರ ಇರುತ್ತೇನೆ. ಬನ್ನಿ, ನೀರು ಎಲ್ಲಿಯವರೆಗೆ ಬರುತ್ತಿತ್ತು ಅಂತ ಕೈ ಮಾಡಿ ತೋರಿಸಿ.

ಕೋಟೆ ಬೀದಿ: ಬರುತ್ತೇನೆ. ನಮ್ಮಪ್ಪನನ್ನೂ ಕರೆದುಕೊಂಡು ಬರುತ್ತೇನೆ.