ಹೆವಿ ಕ್ಲಚ್ ಹಾಕಿಸಿದ ಮೇಲೆ ಜಿಪ್ಸಿಯ ಕ್ಲಚ್ ಪೂರ್ತಿ ಬಿಡುತ್ತಿಲ್ಲ: ಗೇರ್ ಬಾಕ್ಸ್ ಮತ್ತೆ ಇಳಿಸಲೇಬೇಕೇ?

ಕ್ಯಾತ್ಸಂದ್ರದ ಜಿಪ್ಸಿ:

ಎಲ್ಲರಿಗೂ ನಮಸ್ಕಾರ. ನನ್ನದು ಮಾರುತಿ ಜಿಪ್ಸಿ ಕಿಂಗ್, 1.3 ಲೀಟರಿನ ಪೆಟ್ರೋಲ್ ಇಂಜೆಕ್ಷನ್, ಅಂದರೆ ಎಂಪಿಎಫ್‌ಐ ಎಂಜಿನ್ನಿನ ಗಾಡಿ. ಟೈರುಗಳನ್ನು ಒಂದು ಅಳತೆ ದೊಡ್ಡದು ಮಾಡಿಸಿದ ಮೇಲೆ, ನಾಲ್ಕು ಜನ ಕೂತು ದೇವರಾಯನದುರ್ಗದ ಏರು ಹತ್ತುವಾಗ ಹಳೆಯ ಕ್ಲಚ್ ಜಾರಲು ಆರಂಭಿಸಿತು. ಆದ್ದರಿಂದ ಎರಡು ತಿಂಗಳ ಹಿಂದೆ ಅದನ್ನು ತೆಗೆಸಿ, ಹೊರಗಿನ ತಯಾರಿಕೆಯ ಹೆವಿ ಡ್ಯೂಟಿ ಸೆಟ್ ಹಾಕಿಸಿದೆ. ಅದರಲ್ಲಿ ಗಟ್ಟಿ ಸ್ಪ್ರಿಂಗಿನ ಪ್ರೆಷರ್ ಪ್ಲೇಟ್ (ಕ್ಲಚ್ ಪ್ಲೇಟನ್ನು ಅದುಮಿ ಹಿಡಿಯುವುದು), ಸಿರಾಮಿಕ್ ಬಟನ್ನುಗಳಿರುವ ಕ್ಲಚ್ ಪ್ಲೇಟ್ ಹಾಗೂ ಹೊಸ ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಆ ಹಿಡಿತ ಬಿಡಿಸುವುದು) ಇದ್ದವು. ಕ್ಲಚ್ ಪ್ಲೇಟ್ ಒತ್ತಿಕೊಳ್ಳುವ ಎಂಜಿನ್ನಿನ ಫ್ಲೈವೀಲನ್ನು ಲೇತಿನಲ್ಲಿ ಫೇಸಿಂಗ್ (ಮುಖ ಕೊರೆದು ಸಮ) ಕೂಡ ಮಾಡಿಸಿದೆವು.

ಈಗ ಕ್ಲಚ್ ಜಾರುವುದಿಲ್ಲ, ಆದರೆ ಬಿಡುವುದೂ ಇಲ್ಲ, ಅಂದರೆ ಪೆಡಲ್ ಒತ್ತಿದರೂ ಎಂಜಿನ್ನಿನಿಂದ ಗೇರ್ ಬಾಕ್ಸ್ ಪೂರ್ತಿ ಬೇರ್ಪಡುವುದಿಲ್ಲ. ಪೆಡಲನ್ನು ನೆಲಕ್ಕೆ ಮುಟ್ಟುವಂತೆ ಒತ್ತಿ ಹಿಡಿದರೂ ರಿವರ್ಸ್ ಹಾಕುವಾಗ ಕರ್ರೆಂದು ಉಜ್ಜುತ್ತದೆ, ಒಂದನೇ ಗೇರು ಬಲವಂತಕ್ಕೆ ಬೀಳುತ್ತದೆ, ಸಿಗ್ನಲ್ಲಿನಲ್ಲಿ ನಿಂತಾಗ ಗಾಡಿ ತಾನಾಗಿ ಮುಂದಕ್ಕೆ ತೆವಳುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಈ ತೊಂದರೆ ಕಡಿಮೆ. ಬಿ.ಎಚ್. ರಸ್ತೆಯ ದಟ್ಟಣೆಯಲ್ಲಿ ಅರ್ಧ ಗಂಟೆ ಓಡಿಸಿದ ಮೇಲೆ ಹೆಚ್ಚಾಗುತ್ತದೆ. ಕೆಲಸ ಮಾಡಿದ ಗ್ಯಾರೇಜಿನವರು ಕೇಬಲ್ ನಟ್ಟನ್ನು ಎರಡು ಸಲ ಬಿಗಿ ಮಾಡಿಕೊಟ್ಟರು. ಈಗ ಪೆಡಲಿನಲ್ಲಿ ಫ್ರೀ ಪ್ಲೇ (ಕ್ಲಚ್ಚಿಗೆ ಒತ್ತಡ ತಾಗುವ ಮೊದಲಿನ ಸಡಿಲ ಚಲನೆ) ಸ್ವಲ್ಪವೂ ಉಳಿದಿಲ್ಲ. ಗೇರ್ ಬಾಕ್ಸ್ ಮತ್ತೆ ಇಳಿಸಿ ನೋಡಬೇಕು, ಅದರ ಕೂಲಿ ಬೇರೆ ಎನ್ನುತ್ತಿದ್ದಾರೆ. ಇಳಿಸುವ ಮೊದಲು ನಾನೇ ಪರೀಕ್ಷಿಸಬಹುದಾದದ್ದು ಏನಾದರೂ ಇದೆಯೇ? ತಿಳಿದವರು ದಯವಿಟ್ಟು ಹೇಳಿ.

ಚಿಕ್ಕಬಳ್ಳಾಪುರದ ಪಿಕಪ್:

ಸರ್, ನನ್ನ ಗಾಡಿಯಲ್ಲೂ ಹೀಗೇ ಆಗಿತ್ತು. ಕ್ಲಚ್ ಲೈನಿನಲ್ಲಿ ಗಾಳಿ ಸೇರಿಕೊಂಡಿತ್ತು. ಬ್ಲೀಡ್ ಮಾಡಿಸಿ (ಗಾಳಿ ಹೊರಹಾಕಿಸಿ), ಹಳೆಯ ಫ್ಲೂಯಿಡ್ ಬದಲಿಸಿದ ಮೇಲೆ ಸರಿಹೋಯಿತು. ಮಾಸ್ಟರ್ ಸಿಲಿಂಡರಿನ ರಬ್ಬರ್ ಸವೆದಿದ್ದರೂ ಹೀಗಾಗುತ್ತದೆ. ಪೆಡಲ್ ಒತ್ತಿ ಹಿಡಿದುಕೊಂಡೇ ಇದ್ದರೆ ಅರ್ಧ ನಿಮಿಷದೊಳಗೆ ಗಾಡಿ ತೆವಳಲು ಆರಂಭಿಸುತ್ತದೆ. ಮೊದಲು ಅದನ್ನು ನೋಡಿ.

ಹಳೇ ಮೆಕ್ಯಾನಿಕ್, ಶಿರಾ ಗೇಟ್:

ಪಿಕಪ್ಪಿನವರ ಮಾತು ಹೈಡ್ರಾಲಿಕ್ ಕ್ಲಚ್ ಇರುವ ಗಾಡಿಗಳಿಗೆ ಸರಿ, ಆದರೆ ಜಿಪ್ಸಿಗೆ ಇರುವುದು ಕೇಬಲ್. ಗಾಳಿ ಸೇರಿಕೊಳ್ಳಲು ಅದರಲ್ಲಿ ಲೈನೇ ಇಲ್ಲ.

ಪ್ರಶ್ನೆ ಕೇಳಿದವರಿಗೆ ನನ್ನ ಮೊದಲ ಮಾತು, ಗೇರ್ ಬಾಕ್ಸ್ ಇಳಿಸಬೇಡಿ. ಎರಡನೆಯ ಮಾತು, ಕೇಬಲ್ ನಟ್ಟನ್ನು ಇವತ್ತೇ ಸಡಿಲಿಸಿ ಫ್ರೀ ಪ್ಲೇಯನ್ನು ಮರಳಿ ಕೊಡಿ. ಪ್ಲೇ ಇಲ್ಲದಿದ್ದರೆ ರಿಲೀಸ್ ಬೇರಿಂಗ್ ಸದಾ ಪ್ರೆಷರ್ ಪ್ಲೇಟಿನ ಬೆರಳುಗಳಿಗೆ ಒತ್ತಿಕೊಂಡೇ ತಿರುಗುತ್ತದೆ. ಹೊಸ ಬೇರಿಂಗ್ ಬೇಗ ಹಾಳಾಗುವುದಲ್ಲದೆ, ನೀವು ಹಣ ಕೊಟ್ಟು ತಂದ ಹಿಡಿತವೂ ಕಡಿಮೆಯಾಗುತ್ತದೆ. ನಟ್ಟು ಬಿಗಿ ಮಾಡಿದ್ದರಿಂದ ರೋಗ ಮುಚ್ಚಿಹೋಯಿತೇ ಹೊರತು ವಾಸಿಯಾಗಲಿಲ್ಲ.

ಗಟ್ಟಿ ಸ್ಪ್ರಿಂಗಿನ ಕ್ಲಚ್ ಹಾಕಿದವರು ಮರೆಯುವ ಸಂಗತಿಯೊಂದಿದೆ. ಕ್ಲಚ್ ಬಿಡುವುದು ನಿಮ್ಮ ಕಾಲಿನ ಬಲದಿಂದಲ್ಲ, ಬೆಲ್ ಹೌಸಿಂಗಿನ (ಕ್ಲಚ್ಚನ್ನು ಮುಚ್ಚುವ ಕವಚದ) ಪಕ್ಕದಲ್ಲಿರುವ, ಕೇಬಲ್ ಎಳೆಯುವ ಲಿವರ್ ಎಷ್ಟು ದೂರ ಸರಿಯಿತು ಎಂಬುದರಿಂದ. ಮೆದು ಸ್ಪ್ರಿಂಗ್ ಇದ್ದಾಗ ಪೆಡಲಿನ ಚಲನೆ ಹೆಚ್ಚುಕಡಿಮೆ ಪೂರ್ತಿಯಾಗಿ ಲಿವರನ್ನು ತಲುಪುತ್ತದೆ. ಸ್ಪ್ರಿಂಗ್ ಗಟ್ಟಿಯಾದಾಗ ಅದೇ ಚಲನೆಯ ಒಂದಷ್ಟು ಪಾಲನ್ನು ಕೇಬಲಿನ ಹೊರಕವಚ ಕುಗ್ಗಿ ನುಂಗುತ್ತದೆ, ಒಂದಷ್ಟನ್ನು ಪೆಡಲ್ ಬ್ರಾಕೆಟ್ ಬಾಗಿ ನುಂಗುತ್ತದೆ, ಉಳಿದದ್ದರಲ್ಲಿ ಸ್ವಲ್ಪವನ್ನು ಲಿವರಿನ ಶಾಫ್ಟ್ ಕೂತಿರುವ ಸವೆದ ಬುಷ್ಷುಗಳು ನುಂಗುತ್ತವೆ. ಕಾಲಿಗೆ ಪೆಡಲ್ ನೆಲ ಮುಟ್ಟಿದಂತೆ ಅನಿಸಿದರೂ ಒಳಗೆ ಪ್ರೆಷರ್ ಪ್ಲೇಟ್ ಕೂದಲೆಳೆಯಷ್ಟೂ ಎದ್ದಿರುವುದಿಲ್ಲ.

ಪರೀಕ್ಷೆ ಹೀಗೆ ಮಾಡಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಡಿ. ಎಂಜಿನ್ ಆಫ್ ಇರಲಿ. ಟ್ರಾನ್ಸ್‌ಫರ್ ಲಿವರನ್ನು (ಫೋರ್ ವೀಲ್ ಹಾಕುವ ಎರಡನೇ ಲಿವರ್) ನ್ಯೂಟ್ರಲ್ಲಿಗೆ ತನ್ನಿ, ಮುಖ್ಯ ಗೇರನ್ನು ನಾಲ್ಕಕ್ಕೆ ಹಾಕಿ. ನಾಲ್ಕನೇ ಗೇರು ನೇರ ಗೇರು, ಆದ್ದರಿಂದ ಕೈಗೆ ಹೆಚ್ಚು ಭಾರವಾಗುವುದಿಲ್ಲ. ಒಬ್ಬರು ಪೆಡಲ್ ಒತ್ತಿ ಹಿಡಿಯಲಿ, ನೀವು ಕೆಳಗೆ ಮಲಗಿ ಗೇರ್ ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ನಡುವೆ ಇರುವ ಗಿಡ್ಡ ಶಾಫ್ಟನ್ನು ಕೈಯಿಂದ ತಿರುಗಿಸಿ. ತಿರುಗದಿದ್ದರೆ, ಪೆಡಲ್ ಒತ್ತಿರುವಾಗಲೇ ಬೆಲ್ ಹೌಸಿಂಗಿನ ಲಿವರನ್ನು ಟೈರ್ ಲಿವರಿನಿಂದ ಇನ್ನೂ ನಾಲ್ಕೈದು ಮಿಲಿಮೀಟರ್ ಮೀಟಿ. ಆಗ ಶಾಫ್ಟ್ ಸಲೀಸಾಗಿ ತಿರುಗಿದರೆ ಒಳಗಿನ ಕ್ಲಚ್ಚಿನಲ್ಲಿ ದೋಷವಿಲ್ಲ, ಹೊರಗಿನ ಎಳೆತದಲ್ಲೇ ಇದೆ ಎಂದು ತಿಳಿಯಿರಿ. ಅಷ್ಟು ಮೀಟಿದರೂ ತಿರುಗದಿದ್ದರೆ ಮಾತ್ರ ಪೈಲಟ್ ಬೇರಿಂಗ್ (ಗೇರ್ ಬಾಕ್ಸ್ ಶಾಫ್ಟಿನ ಮುಂದಿನ ತುದಿ ಕೂರುವ ಬೇರಿಂಗ್) ಹಿಡಿದಿರಬಹುದು, ಪ್ಲೇಟ್ ಡೊಂಕಾಗಿರಬಹುದು ಅಥವಾ ತಿರುಗುಮುರುಗಾಗಿ ಕೂತಿರಬಹುದು. ಗೇರ್ ಬಾಕ್ಸ್ ಇಳಿಸುವ ಮಾತು ಅಲ್ಲಿಂದ ಮುಂದೆ.

ಎರಡೂ ಹಿಂದಿನ ಚಕ್ರಗಳನ್ನು ಜ್ಯಾಕ್ ಮೇಲೆ ಎತ್ತಿ ಒಂದನ್ನು ತಿರುಗಿಸಿ ನೋಡುವ ಅಭ್ಯಾಸ ಕೆಲವರಿಗಿದೆ. ಡಿಫರೆನ್ಷಿಯಲ್ ಇರುವುದರಿಂದ ಒಂದು ಚಕ್ರ ಮುಂದಕ್ಕೆ ಹೋದರೆ ಇನ್ನೊಂದು ಹಿಂದಕ್ಕೆ ತಿರುಗುತ್ತದೆ, ಶಾಫ್ಟ್ ಅಲುಗುವುದೇ ಇಲ್ಲ, ಕ್ಲಚ್ ಬಿಟ್ಟಿದೆ ಎಂದು ಮೋಸಹೋಗುತ್ತೀರಿ. ನಾನೂ ಹುಡುಗನಾಗಿದ್ದಾಗ ಹಾಗೆ ಮೋಸಹೋಗಿ ಮೇಸ್ತ್ರಿಯ ಕೈಯಲ್ಲಿ ಬೈಸಿಕೊಂಡಿದ್ದೇನೆ.

ನನ್ನ ಮನೆಯಲ್ಲಿ ಕಂಪನಿ ಕ್ಲಚ್ಚಿನ ಜಿಪ್ಸಿ ಇದೆ. ಪೆಡಲ್ ಪೂರ್ತಿ ಒತ್ತಿದಾಗ ಅದರ ಲಿವರಿನ ತುದಿ ಎಷ್ಟು ಸರಿಯುತ್ತದೆ ಎಂದು ಇವತ್ತು ರಾತ್ರಿ ಅಳೆದು ಬರೆಯುತ್ತೇನೆ. ನೀವೂ ನಿಮ್ಮದನ್ನು ಅಳೆಯಿರಿ.

ಲೇತ್ ಕೆಲಸದವ, ಅಂತರಸನಹಳ್ಳಿ:

ಫ್ಲೈವೀಲ್ ಫೇಸಿಂಗ್ ವಿಷಯದಲ್ಲಿ ಒಂದು ಮಾತು ಸೇರಿಸುತ್ತೇನೆ. ಎಷ್ಟು ತೆಗೆದರು ಎಂದು ಕೇಳಿದ್ದೀರಾ? ಪ್ಲೇಟ್ ಕೂರುವ ಮುಖದಿಂದ ಎಷ್ಟು ತೆಗೆಯುತ್ತೇವೆಯೋ ಅಷ್ಟು ದೂರ ಇಡೀ ಕ್ಲಚ್ ಎಂಜಿನ್ ಕಡೆಗೆ ಸರಿಯುತ್ತದೆ, ರಿಲೀಸ್ ಬೇರಿಂಗ್ ಮಾತ್ರ ಹಳೆಯ ಜಾಗದಲ್ಲೇ ಉಳಿಯುತ್ತದೆ. ಕಾಲು ಅರ್ಧ ಮಿಲಿಮೀಟರ್ ಆದರೆ ಕೇಬಲ್ ನಟ್ಟಿನಲ್ಲೇ ಸರಿದೂಗಿಸಬಹುದು. ಬಿಸಿಯಾಗಿ ಕಲೆಬಿದ್ದ ಫ್ಲೈವೀಲನ್ನು ಕಲೆ ಹೋಗುವವರೆಗೂ ಕೊರೆದಿದ್ದರೆ ಲೆಕ್ಕ ಬೇರೆಯಾಗುತ್ತದೆ.

ಇನ್ನೊಂದು, ಗೇರ್ ಬಾಕ್ಸ್ ಕೂರಿಸುವಾಗ ಅದರ ಭಾರವನ್ನು ಕ್ಲಚ್ ಪ್ಲೇಟಿನ ಹಬ್ಬಿನ (ಶಾಫ್ಟ್ ಹೋಗುವ ನಡುಭಾಗದ) ಮೇಲೆ ನೇತುಬಿಟ್ಟರೆ ಹಬ್ಬು ಬಾಗುತ್ತದೆ. ಜಗಲಿಯ ಮೇಲೆ ಇಟ್ಟು ನೋಡಿದರೆ ಗೊತ್ತಾಗುವುದಿಲ್ಲ, ಲೇತಿನಲ್ಲಿ ಕಟ್ಟಿ ಡಯಲ್ ಗೇಜ್ ಇಟ್ಟರೆ ಮುಳ್ಳು ಓಲಾಡುತ್ತದೆ. ಮಾಮೂಲಿ ಪ್ಲೇಟಿನ ಎರಡು ಮುಖಗಳ ನಡುವೆ ಅಲೆಯಾಕಾರದ ತೆಳು ಸ್ಪ್ರಿಂಗ್ ತಗಡು ಇರುತ್ತದೆ. ಸಿರಾಮಿಕ್ ಬಟನ್ ಪ್ಲೇಟುಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಆದ್ದರಿಂದ ಅಂಥ ಪ್ಲೇಟ್ ಸ್ವಲ್ಪ ಬಾಗಿದರೂ ಒಂದು ಬಟನ್ ಉಜ್ಜುತ್ತಲೇ ಇರುತ್ತದೆ. ಕೂರಿಸಿದವರು ಸೆಂಟರಿಂಗ್ ಶಾಫ್ಟ್ (ಪ್ಲೇಟನ್ನು ಸರಿಯಾಗಿ ನಡುವಿಗೆ ಕೂರಿಸುವ ಸಾಧನ) ಬಳಸಿದರೇ ಎಂದು ವಿಚಾರಿಸಿ.

ಕೋಲಾರದವ:

ಬೇಸರಪಡಬೇಡಿ, ಕೇಳಲೇಬೇಕೆನಿಸಿತು. ಎಂಬತ್ತು ಕುದುರೆ ಶಕ್ತಿಯ ಎಂಜಿನ್ನಿಗೆ ಸಿರಾಮಿಕ್ ಕ್ಲಚ್ ಏಕೆ ಬೇಕಿತ್ತು? ಟೈರು ದೊಡ್ಡದಾದಾಗ ಗೇರಿಂಗ್ ಎತ್ತರವಾಯಿತು, ಆದ್ದರಿಂದ ಏರಿನಲ್ಲಿ ನೀವು ಕ್ಲಚ್ಚನ್ನು ಅರ್ಧ ಒತ್ತಿಯೇ ಓಡಿಸಿದಿರಿ, ಅದು ಸವೆಯಿತು. ಕಂಪನಿಯ ಹೊಸ ಕ್ಲಚ್ ಹಾಕಿಸಿ, ಕಡಿದಾದ ಮಣ್ಣು ದಾರಿಯಲ್ಲಿ ಲೋ ರೇಂಜ್ (ಫೋರ್ ವೀಲಿನ ನಿಧಾನದ, ಹೆಚ್ಚು ಎಳೆತದ ಗೇರು) ಬಳಸಿದ್ದರೆ ಸಾಕಾಗುತ್ತಿತ್ತು. ಅಂತರಗಂಗೆ ಬೆಟ್ಟದ ಸುತ್ತಿನ ಕಲ್ಲು ದಾರಿಗಳಲ್ಲಿ ನನ್ನ ಗಾಡಿ ಇಂದಿಗೂ ಹಾಗೆಯೇ ಓಡುತ್ತಿದೆ.

ಹಳೇ ಮೆಕ್ಯಾನಿಕ್, ಶಿರಾ ಗೇಟ್:

ಕೋಲಾರದವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಾಕಿದ್ದಾಗಿದೆ, ಈಗ ಇರುವುದನ್ನು ಸರಿಮಾಡೋಣ. ನನ್ನ ಗಾಡಿಯ ಲಿವರಿನ ತುದಿ ಇಪ್ಪತ್ನಾಲ್ಕು ಮಿಲಿಮೀಟರ್ ಸರಿಯಿತು. ಫ್ರೀ ಪ್ಲೇ ಕಳೆದು ಹೇಳುತ್ತಿದ್ದೇನೆ.

ಕ್ಯಾತ್ಸಂದ್ರದ ಜಿಪ್ಸಿ:

ಭಾನುವಾರ ಬೆಳಿಗ್ಗೆ ತಮ್ಮನನ್ನು ಕೂರಿಸಿಕೊಂಡು ಎಲ್ಲವನ್ನೂ ಮಾಡಿದೆ. ಗಿಡ್ಡ ಶಾಫ್ಟ್ ಮೊದಲು ತಿರುಗಲಿಲ್ಲ. ಟೈರ್ ಲಿವರಿನಿಂದ ಸ್ವಲ್ಪ ಮೀಟಿದ ಕೂಡಲೇ ಒಂದೇ ಬೆರಳಿಗೆ ತಿರುಗಿತು. ಲಿವರಿನ ತುದಿ ಸರಿದದ್ದು ಹದಿನೇಳು ಮಿಲಿಮೀಟರ್ ಮಾತ್ರ. ಅಂದರೆ ನಿಮ್ಮ ಗಾಡಿಗಿಂತ ಏಳು ಕಡಿಮೆ.

ಆ ಏಳು ಎಲ್ಲಿ ಹೋಯಿತು ಎಂದು ಹುಡುಕುತ್ತಾ ಬಾನೆಟ್ ಎತ್ತಿ, ಕೇಬಲಿನ ಹೊರಕವಚ ಫೈರ್‌ವಾಲಿಗೆ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆಗೆ) ಆತುಕೊಳ್ಳುವ ಜಾಗವನ್ನು ಟಾರ್ಚ್ ಹಾಕಿ ನೋಡಿದೆ. ತಮ್ಮ ಪೆಡಲ್ ಒತ್ತಿದಾಗಲೆಲ್ಲ ಆ ತಗಡು ತಗ್ಗಿ ಕ್ಯಾಬಿನ್ ಕಡೆಗೆ ಹೋಗುತ್ತಿತ್ತು, ಬಿಟ್ಟಾಗ ಟಕ್ ಎಂದು ಹೊರಗೆ ಬರುತ್ತಿತ್ತು. ಬೆರಳಿಟ್ಟು ಒರೆಸಿದೆ. ಪೇಂಟ್ ಹಕ್ಕಳೆಯಂತೆ ಎದ್ದು ಉದುರಿತು, ಅದರ ಕೆಳಗೆ ವೆಲ್ಡಿಂಗ್ ಅಂಚಿನಲ್ಲಿ ಸುಮಾರು ಮೂರು ಸೆಂಟಿಮೀಟರ್ ಉದ್ದದ ಬಿರುಕು ಕಂಡಿತು. ಬಿರುಕಿನೊಳಗೆ ತುಕ್ಕು ಇರಲಿಲ್ಲ, ಲೋಹ ಹೊಳೆಯುತ್ತಿತ್ತು. ಅಂದರೆ ಇದು ಹಳೆಯದಲ್ಲ, ಹೊಸ ಕ್ಲಚ್ ಬಂದ ಮೇಲೆ ಆದದ್ದು ಎಂದು ನನಗನ್ನಿಸುತ್ತದೆ. ಫೇಸಿಂಗ್ ಎಷ್ಟು ತೆಗೆದರು ಎಂದೂ ವಿಚಾರಿಸಿದೆ, ಕಾಲು ಮಿಲಿಮೀಟರಿಗಿಂತ ಕಡಿಮೆಯಂತೆ.

ಇನ್ನೊಂದು ಪ್ರಶ್ನೆ. ಗ್ಯಾರೇಜಿನವರು ಬಿರುಕಿನ ಸುದ್ದಿ ಕೇಳಿ, ವೆಲ್ಡಿಂಗ್ ಬೇಡ, ಲಿವರನ್ನು ಬಿಚ್ಚಿ ಶಾಫ್ಟಿನ ಮೇಲೆ ಒಂದು ಹಲ್ಲು ಹಿಂದಕ್ಕೆ ಹಾಕಿದರೆ ಚಲನೆ ಸಿಗುತ್ತದೆ ಎಂದರು. ಹಾಗೆ ಮಾಡಬಹುದೇ?

ಹಳೇ ಮೆಕ್ಯಾನಿಕ್, ಶಿರಾ ಗೇಟ್:

ಮಾಡಬೇಡಿ. ಶಾಫ್ಟಿನ ಮೇಲೂ ಲಿವರಿನ ಮೇಲೂ ಕಂಪನಿಯವರು ಪಂಚ್ ಗುರುತು ಹಾಕಿರುತ್ತಾರೆ, ಅವೆರಡೂ ಎದುರುಬದುರಾಗಿ ಕೂರಬೇಕು. ಹಲ್ಲು ಬದಲಿಸಿದರೆ ಲಿವರ್ ನಿಲ್ಲುವ ಕೋನ ಬದಲಾಗುತ್ತದೆಯೇ ಹೊರತು ಕೇಬಲ್ ಎಳೆಯುವ ದೂರ ಒಂದಿಷ್ಟೂ ಹೆಚ್ಚುವುದಿಲ್ಲ. ತಗಡು ಬಾಗುತ್ತಲೇ ಇರುತ್ತದೆ, ಬಿರುಕು ಬೆಳೆದು ಒಂದು ದಿನ ಘಟ್ಟದ ಮಧ್ಯೆ ಪೆಡಲ್ ಸಮೇತ ಕಿತ್ತು ಬರುತ್ತದೆ.

ಬಿರುಕಿನ ಎರಡೂ ತುದಿಗಳಲ್ಲಿ ಸಣ್ಣ ತೂತು ಕೊರೆದು, ಬಿರುಕು ತುಂಬಿಸಿ, ಅದರ ಮೇಲೆ ಮೂರು ಮಿಲಿಮೀಟರ್ ದಪ್ಪದ ತಗಡನ್ನು ಪೆಡಲ್ ಬ್ರಾಕೆಟ್ಟಿನವರೆಗೂ ಚಾಚಿ ಕೂರಿಸಿರಿ. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚಿ, ಇಸಿಎಂ (ಎಂಜಿನ್ ಕಂಪ್ಯೂಟರ್) ಕನೆಕ್ಟರ್ ತೆಗೆದಿಡಿ, ಡ್ಯಾಶ್‌ಬೋರ್ಡಿನ ಒಳಗಿನ ವೈರಿಂಗ್ ಮತ್ತು ಕಾರ್ಪೆಟ್ ಹಿಂದಕ್ಕೆ ಸರಿಸಿ. ಒಳಗೆ ಒಬ್ಬರು ಒದ್ದೆ ಗೋಣಿಚೀಲ ಹಿಡಿದು ಕೂತಿರಲಿ. ಕೇಬಲನ್ನೂ ಹೊಸದು ಹಾಕಿ. ಗಟ್ಟಿ ಕ್ಲಚ್ ಎಳೆದ ಕೇಬಲಿನ ಒಳಗಿನ ಪ್ಲಾಸ್ಟಿಕ್ ನಳಿಗೆಯನ್ನು ತಂತಿ ಕೊರೆದಿರುತ್ತದೆ, ಬಿಸಿಯಾದಾಗ ಅದು ಇನ್ನೂ ಮೆತ್ತಗಾಗುತ್ತದೆ. ಹೊಸ ಕೇಬಲ್ ಹಾಕುವಾಗ ಚೂಪಾದ ತಿರುವು ಬಾರದಂತೆ ನೋಡಿಕೊಳ್ಳಿ.

ಚಲನೆ ಸಿಕ್ಕಿತೆಂದು ಅತಿಯಾಗಿಯೂ ಎಳೆಯಬೇಡಿ. ಬೆರಳುಗಳು ಮಿತಿಮೀರಿ ಒಳಗೆ ಹೋದರೆ ಪ್ಲೇಟಿನ ಹಬ್ಬಿಗೆ ತಾಗುತ್ತವೆ, ಆಗ ಬೇರೆ ಶಬ್ದ ಆರಂಭವಾಗುತ್ತದೆ.

ಕ್ಯಾತ್ಸಂದ್ರದ ಜಿಪ್ಸಿ:

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ತಗಡು ಕೂರಿಸಿ ವೆಲ್ಡಿಂಗ್ ಮಾಡಿಸಿದೆ, ಕೇಬಲ್ ಬದಲಿಸಿದೆ, ಫ್ರೀ ಪ್ಲೇ ಬಿಟ್ಟುಕೊಂಡೆ. ಈಗ ಲಿವರಿನ ತುದಿ ಇಪ್ಪತ್ತಮೂರು ಮಿಲಿಮೀಟರ್ ಸರಿಯುತ್ತದೆ. ತೆವಳುವುದು ಪೂರ್ತಿ ನಿಂತಿದೆ, ಒಂದನೇ ಗೇರು ಬೆಣ್ಣೆಯಂತೆ ಬೀಳುತ್ತದೆ. ಗೇರ್ ಬಾಕ್ಸ್ ಇಳಿಸಲಿಲ್ಲ. ಉಳಿದಿರುವುದು ಒಂದೇ, ಗಾಡಿ ಚೆನ್ನಾಗಿ ಬಿಸಿಯಾದಾಗ ಕ್ಲಚ್ ಒತ್ತಿದ ತಕ್ಷಣ ರಿವರ್ಸ್ ಹಾಕಿದರೆ ಈಗಲೂ ಒಮ್ಮೊಮ್ಮೆ ಸಣ್ಣದಾಗಿ ಉಜ್ಜುತ್ತದೆ.

ಹಳೇ ಮೆಕ್ಯಾನಿಕ್, ಶಿರಾ ಗೇಟ್:

ರಿವರ್ಸ್ ಗೇರಿಗೆ ಸಿಂಕ್ರೊ (ಗೇರುಗಳ ವೇಗ ಸಮ ಮಾಡಿ ಕೂರಿಸುವ ಭಾಗ) ಇಲ್ಲ. ಕ್ಲಚ್ ಬಿಟ್ಟ ಮೇಲೂ ಭಾರದ ಪ್ಲೇಟ್ ತನ್ನ ವೇಗದಲ್ಲಿ ಸ್ವಲ್ಪ ಹೊತ್ತು ತಿರುಗುತ್ತಿರುತ್ತದೆ. ಗೇರ್ ಆಯಿಲ್ ತಣ್ಣಗೆ ಗಟ್ಟಿಯಾಗಿದ್ದಾಗ ಅದನ್ನು ಬೇಗ ನಿಲ್ಲಿಸುತ್ತದೆ, ಬಿಸಿಯಾಗಿ ತೆಳುವಾದಾಗ ತಡಮಾಡುತ್ತದೆ. ಪೆಡಲ್ ಒತ್ತಿ ಮೂರು ಎಣಿಸಿ ರಿವರ್ಸ್ ಹಾಕಿ ನೋಡಿ. ಐದು ಎಣಿಸಿದರೂ ಉಜ್ಜಿದರೆ ಪೈಲಟ್ ಬೇರಿಂಗ್ ಬಗ್ಗೆ ಆಗ ಮಾತಾಡೋಣ.

ಕ್ಯಾತ್ಸಂದ್ರದ ಜಿಪ್ಸಿ:

ಮೂರಕ್ಕೇ ಸದ್ದಿಲ್ಲದೆ ಬೀಳುತ್ತಿದೆ ಸರ್. ಬಿರುಕಿನ ಜಾಗಕ್ಕೆ ಬಿಳಿ ಪೇಂಟ್ ಬಳಿದಿಟ್ಟಿದ್ದೇನೆ, ಮತ್ತೆ ಗೆರೆ ಕಂಡರೆ ಇಲ್ಲೇ ಬರೆಯುತ್ತೇನೆ.